ಆರ್ಕ್ಟಿಕ್ ಬಗ್ಗೆ ಮಾಡೆಲ್ ಹೇಳಿದ್ದನ್ನು ನಂಬೋದಕ್ಕೆ ಮುಂಚೆ

ಆರ್ಕ್ಟಿಕ್‌ನ ಮಂಜುಗಡ್ಡೆ ಇಂಥ ವರ್ಷಕ್ಕೆ ಖಾಲಿಯಾಗುತ್ತೆ ಅಂತ ಒಂದು ಗ್ರಾಫ್ ಕಣ್ಣಿಗೆ ಬಿತ್ತು ಅಂದ್ಕೊಳ್ಳಿ. ವರ್ಷ ಆಮೇಲೆ ನೋಡೋಣ, ಆ ಗ್ರಾಫ್ ಕೊಟ್ಟ ಹವಾಮಾನ ಮಾಡೆಲ್ (ಭೂಮಿಯ ಹವೆ, ಸಮುದ್ರ, ಮಂಜುಗಡ್ಡೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹೇಗೆ ಕಟ್ಟಿದ್ದಾರೆ ಅಂತ ಮೊದಲು ನೋಡಿ. (ಖಾಲಿ ಅಂದ್ರೆ ಪೂರ್ತಿ ಖಾಲಿ ಅಲ್ಲ, 10 ಲಕ್ಷ ಚದರ ಕಿ.ಮೀ.ಗಿಂತ ಕಡಿಮೆ ಅಂತ ಲೆಕ್ಕ.) ಜಗತ್ತಿನ ಹವಾಮಾನ ಮಾಡೆಲ್‌ಗಳನ್ನು ಹೋಲಿಸುವ ಸಿಎಂಐಪಿ6 ಯೋಜನೆಯಲ್ಲಿ ಹತ್ತಾರು ಮಾಡೆಲ್‌ಗಳ ಡೇಟಾ ಪುಕ್ಕಟೆ ಸಿಗುತ್ತದೆ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ಮಾಡೆಲ್ ಕೂಡ ಅದರಲ್ಲಿದೆ. ಒಂದು ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್ ಇದ್ದರೆ ನೀವೇ ಪರೀಕ್ಷೆ ಮಾಡಬಹುದು.

ಶುರು ಮಾಡೋದು ಗ್ರಿಡ್‌ನಿಂದ. ಮಾಡೆಲ್ ಭೂಮಿಯನ್ನು ಚೌಕಾಬಾರದ ಹಾಗೆ ಮನೆ ಮನೆಯಾಗಿ ಹಂಚಿಕೊಂಡಿರುತ್ತದೆ. ಒಂದು ಡಿಗ್ರಿಯ ಮನೆ ಸಮಭಾಜಕದ ಹತ್ತಿರ 111 ಕಿ.ಮೀ. ಅಗಲ, 80 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಬರೀ 19 ಕಿ.ಮೀ., ಧ್ರುವದಲ್ಲಿ ಎಲ್ಲ ಗೆರೆಗಳೂ ಒಂದೇ ಚುಕ್ಕಿಗೆ ಬಂದು ಸೇರುತ್ತವೆ. ಮನೆ ಚಿಕ್ಕದಾದಷ್ಟೂ ಲೆಕ್ಕದ ಹೆಜ್ಜೆ (ಒಂದು ಲೆಕ್ಕಕ್ಕೂ ಮುಂದಿನದಕ್ಕೂ ನಡುವಿನ ಸಮಯ) ಚಿಕ್ಕದಾಗಬೇಕು, ಕಂಪ್ಯೂಟರ್ ತಿಣುಕುತ್ತದೆ. ಅದಕ್ಕೇ ಎಷ್ಟೋ ಸಾಗರ ಮಾಡೆಲ್‌ಗಳು ಗ್ರಿಡ್‌ನ ಉತ್ತರ ಧ್ರುವವನ್ನು ಎರಡು ಮಾಡಿ, ಒಂದನ್ನು ಕೆನಡಾದ ನೆಲದ ಮೇಲೆ, ಇನ್ನೊಂದನ್ನು ಸೈಬೀರಿಯಾದ ನೆಲದ ಮೇಲೆ ಇಟ್ಟುಬಿಟ್ಟಿವೆ. ಕೀಟಲೆಯ ಉಪಾಯ, ಅಲ್ವಾ? ಆದರೆ ಆ ಫೈಲ್‌ನಲ್ಲಿ ಒಂದು ಸಾಲು ಅಂದರೆ ಒಂದು ಅಕ್ಷಾಂಶ ಅಂತ ತಿಳಿದುಕೊಂಡರೆ ಕೆಟ್ಟಿರಿ. ಪ್ರತಿ ಮನೆಯ ವಿಸ್ತೀರ್ಣದ ಫೈಲ್ ಬೇರೆ ಕೊಟ್ಟಿರುತ್ತಾರೆ, ಅದರಿಂದ ತೂಕ ಹಾಕಿಯೇ ಸರಾಸರಿ ತೆಗೆಯಿರಿ. ಗಾಳಿಯ ಉಷ್ಣಾಂಶಕ್ಕೂ ಇದೇ ಮಾತು. ನಾನು ಮೊದಲ ಸಲ ತೂಕ ಹಾಕದೆ ಸುಮ್ನೆ ಸರಾಸರಿ ತೆಗೆದು, ಈ ಮಾಡೆಲ್ ಚಳಿ ಜಾಸ್ತಿ ತೋರಿಸುತ್ತೆ ಅಂತ ಎರಡು ದಿನ ಬೈದುಕೊಂಡು ಓಡಾಡಿದ್ದೆ. ಧ್ರುವದ ಪುಟಾಣಿ ಮನೆಗಳಿಗೂ ದೊಡ್ಡ ಮನೆಯಷ್ಟೇ ಓಟು ಕೊಟ್ಟಿದ್ದು ನಾನೇ.

ಎಡವಿ ಬೀಳೋದಕ್ಕೆ ಇನ್ನೊಂದು ಜಾಗ ಇದೆ. ಸುದ್ದಿಯಲ್ಲಿ ಬರುವ ಅಂಕಿ, ಅಂದರೆ 2012ರ ಸೆಪ್ಟೆಂಬರ್‌ನ ಅತಿ ಕಡಿಮೆಯ ದಾಖಲೆ 34 ಲಕ್ಷ ಚದರ ಕಿ.ಮೀ. ಥರದ್ದು, ಮಂಜುಗಡ್ಡೆಯ ಹರವು. ಶೇ. 15 ಮಂಜುಗಡ್ಡೆ ಇದ್ದರೂ ಆ ಮನೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಶೇ. 14 ಇದ್ದರೆ ಸೊನ್ನೆ. ಹೀಗಾಗಿ ಅಷ್ಟೇ ಮಂಜುಗಡ್ಡೆಗೆ ದೊಡ್ಡ ಮನೆಯ ಗ್ರಿಡ್ ಒಂದು ಉತ್ತರ, ಸಣ್ಣ ಮನೆಯದು ಇನ್ನೊಂದು ಉತ್ತರ ಕೊಡುತ್ತದೆ. ಮಾಡೆಲ್‌ಗಳನ್ನು ಹೋಲಿಸುವಾಗ ಹರವು ಬಿಟ್ಟು ನಿಜವಾದ ವಿಸ್ತೀರ್ಣ (ಪ್ರತಿ ಮನೆಯಲ್ಲಿ ಮಂಜುಗಡ್ಡೆ ಮುಚ್ಚಿದಷ್ಟೇ ಭಾಗ) ತೆಗೆದುಕೊಳ್ಳಿ.

ಈಗ ಮುಖ್ಯವಾದದ್ದು: ದಪ್ಪದ ನಕ್ಷೆ. ಇದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ. ನಿಜವಾದ ಆರ್ಕ್ಟಿಕ್‌ನಲ್ಲಿ ಗಾಳಿ ಮತ್ತು ಪ್ರವಾಹ ಮಂಜುಗಡ್ಡೆಯನ್ನು ತಳ್ಳಿಕೊಂಡು ಬಂದು ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ದ್ವೀಪಗಳ ಉತ್ತರದ ದಡಕ್ಕೆ ಒಟ್ಟುತ್ತವೆ, ಅಲ್ಲೇ ಅತಿ ದಪ್ಪ. ಸೈಬೀರಿಯಾ ಕಡೆ ತೆಳು. ಮಾಡೆಲ್‌ನ ಗಾಳಿಯ ಸುತ್ತು ತಪ್ಪಾಗಿದ್ದರೆ ಈ ರಾಶಿ ತಪ್ಪು ಜಾಗದಲ್ಲಿ ಬೀಳುತ್ತದೆ. ಆದರೂ ಒಟ್ಟು ವಿಸ್ತೀರ್ಣ ಸರಿಯಾಗಿಯೇ ಕಾಣಬಹುದು! ಹೇಗೆ ಅಂದರೆ, ತೆರೆದ ಸಮುದ್ರ ಬಿಸಿಲಿನಲ್ಲಿ ಶೇ. 6–7ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ, ಬರಿ ಮಂಜುಗಡ್ಡೆ ಶೇ. 50ರಿಂದ 70, ಹೊಸ ಹಿಮ ಬಿದ್ದಿದ್ದರೆ ಶೇ. 80ಕ್ಕೂ ಮೇಲೆ. ಬೇಸಿಗೆಯಲ್ಲಿ ಮೇಲೆ ನೀರು ನಿಂತು ಗುಂಡಿಗಳಾದಾಗ ಇದು ಕಡಿಮೆಯಾಗುತ್ತದೆ. ಕೆಲವು ಮಾಡೆಲ್‌ಗಳು ಆ ಗುಂಡಿಗಳನ್ನೇ ಲೆಕ್ಕ ಹಾಕುತ್ತವೆ, ಕೆಲವು ಅಂದಾಜಿಗೆ ಒಂದಿಷ್ಟು ಕಳೆದುಬಿಡುತ್ತವೆ. ಈ ಅಂಕಿಯನ್ನು ಚೂರು ಆಚೀಚೆ ಮಾಡಿದರೂ ಸೆಪ್ಟೆಂಬರ್‌ನ ವಿಸ್ತೀರ್ಣ ಬದಲಾಗುತ್ತದೆ. ಹೀಗೆ ವಿಸ್ತೀರ್ಣವನ್ನು ಮಾತ್ರ ಸರಿಮಾಡಿಬಿಡಬಹುದು, ದಪ್ಪದ ತಪ್ಪು ಹಾಗೇ ಉಳಿಯುತ್ತದೆ. ಸಾಂಬಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ನೀರು ಸುರಿದ ಹಾಗೆ: ಉಪ್ಪು ಸರಿಹೋಯಿತು, ಸಾಂಬಾರು ಹೋಯಿತು. ಒಂದು ಮನೆಯೊಳಗೇ ತೆಳು-ದಪ್ಪ ಅಂತ ಎಷ್ಟು ವರ್ಗ ಇಟ್ಟಿದ್ದಾರೆ ಅಂತಲೂ ನೋಡಿ. ಐದು ಇಡೋದು ರೂಢಿ. ತೆಳು ಮಂಜುಗಡ್ಡೆ ಚಳಿಗಾಲದಲ್ಲಿ ಬೇಗ ಬೆಳೆಯುತ್ತದೆ, ಎಲ್ಲಕ್ಕೂ ಒಂದೇ ಸರಾಸರಿ ದಪ್ಪ ಹಿಡಿದರೆ ಆ ಬೆಳವಣಿಗೆ ಕೈತಪ್ಪುತ್ತದೆ.

ಮೋಡದ ವಿಷಯ ಚಿಕ್ಕದಾಗಿ ಹೇಳ್ತೀನಿ. ಮೈನಸ್ 20 ಡಿಗ್ರಿಯಲ್ಲೂ ಧ್ರುವದ ಮೋಡದಲ್ಲಿ ನೀರು ಹನಿಯಾಗಿಯೇ ಇರಬಲ್ಲದು, ಅಂಥ ಮೋಡ ಚಳಿಗಾಲದಲ್ಲಿ ಕಂಬಳಿ ಹೊದಿಸಿದ ಹಾಗೆ. ಮಾಡೆಲ್ ಅದನ್ನು ಬೇಗ ಹೆಪ್ಪುಗಟ್ಟಿಸಿದರೆ ಕಂಬಳಿ ತೆಳುವಾಗಿ ನೆಲ ವಿಪರೀತ ತಣ್ಣಗಾಗುತ್ತದೆ. ಹೋಲಿಸೋದಕ್ಕೆ 2019–20ರಲ್ಲಿ ಜರ್ಮನಿಯ ಸಂಶೋಧನಾ ಹಡಗು ಪೋಲಾರ್‌ಸ್ಟರ್ನ್ ಆರ್ಕ್ಟಿಕ್‌ನ ಮಂಜುಗಡ್ಡೆಗೆ ಸಿಕ್ಕಿಸಿಕೊಂಡು ತೇಲುತ್ತಾ ಅಳೆದ ಮೊಸಾಯಿಕ್ ಯಾತ್ರೆಯ ಡೇಟಾ ಇದೆ.

ಒಂದೇ ಓಟ (ಮಾಡೆಲನ್ನು ಒಂದು ಸಲ ಓಡಿಸಿ ಬಂದ ಫಲಿತಾಂಶ) ನೋಡಿ ತೀರ್ಪು ಕೊಡಬೇಡಿ. ಅದೇ ಮಾಡೆಲ್, ಅದೇ ಕೋಡ್, ಶುರುವಿನ ಉಷ್ಣಾಂಶದಲ್ಲಿ ಕಣದಷ್ಟು ವ್ಯತ್ಯಾಸ, ಅಷ್ಟಕ್ಕೇ ಮಂಜುಗಡ್ಡೆ ಖಾಲಿಯಾಗುವ ವರ್ಷ ಸುಮಾರು 20 ವರ್ಷ ಹಿಂದೆ ಮುಂದೆ ಆಗಬಹುದು. ಫೈಲ್ ಹೆಸರಲ್ಲಿ ಆರ್1, ಆರ್2 (r1, r2) ಅಂತ ಇರುವುದು ಈ ಬೇರೆ ಬೇರೆ ಓಟಗಳೇ. ಇದ್ದಷ್ಟೂ ಇಳಿಸಿಕೊಳ್ಳಿ.

ಅಂಟಾರ್ಕ್ಟಿಕಾದ ಡೇಟಾ ನೋಡುವವರಿಗೆ ಒಂದು ಮಾತು. ಅಲ್ಲಿ 2014ರವರೆಗೆ ಕಡಲ ಮಂಜುಗಡ್ಡೆ ಸ್ವಲ್ಪ ಹೆಚ್ಚುತ್ತಿತ್ತು, ಮಾಡೆಲ್‌ಗಳು ಬಹುಪಾಲು ಇಳಿಕೆ ತೋರಿಸಿದ್ದವು. 2016ರಲ್ಲಿ ನಿಜಕ್ಕೂ ಧಡಕ್ಕನೆ ಇಳಿಯಿತು. ಅಲ್ಲಿ ಭಾರವಾದ ತಣ್ಣನೆಯ ಉಪ್ಪುನೀರು ದಡದ ಹತ್ತಿರ ಹುಟ್ಟಿ ಇಳಿಜಾರಿನಲ್ಲಿ ಜಾರಿ ತಳ ಸೇರುತ್ತದೆ. ದೊಡ್ಡ ಮನೆಯ ಗ್ರಿಡ್‌ಗೆ ಆ ಇಳಿಜಾರು ಕಾಣೋದೇ ಇಲ್ಲ, ಆದ್ದರಿಂದ ಎಷ್ಟೋ ಮಾಡೆಲ್‌ಗಳು ನಡುಸಮುದ್ರದಲ್ಲೇ ನೀರನ್ನು ಮೇಲಿಂದ ತಳದವರೆಗೆ ಕಲಕಿಬಿಡುತ್ತವೆ. ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಲ್ಲಿ 1974ರಿಂದ 76ರವರೆಗೆ ಹೀಗೇ ನೀರು ಕಲಕಿ ಚಳಿಗಾಲದಲ್ಲಿ ಮಂಜುಗಡ್ಡೆಯ ಮಧ್ಯೆ ದೊಡ್ಡ ತೂತು ಬಿದ್ದಿದ್ದು ನಿಜ, ಆದರೆ ಅದು ಅಪರೂಪ. ನಿಮ್ಮ ಮಾಡೆಲ್‌ನಲ್ಲಿ ಸೆಪ್ಟೆಂಬರ್‌ನ (ಅಲ್ಲಿ ಆಗ ಚಳಿಗಾಲದ ಕೊನೆ) ಕಲಕಿದ ಪದರದ ಆಳ, ಅಂದರೆ ಮೇಲಿನ ನೀರು ಎಷ್ಟು ಆಳದವರೆಗೆ ಕಲಕಿದೆ ಅನ್ನೋದನ್ನು ತೆರೆದು ನೋಡಿ. ವರ್ಷ ವರ್ಷವೂ ಅಲ್ಲಿ ಸಾವಿರಾರು ಮೀಟರ್ ಬರುತ್ತಿದ್ದರೆ, ಅದರ ಅಂಟಾರ್ಕ್ಟಿಕ್ ಮಂಜುಗಡ್ಡೆಯ ಗ್ರಾಫ್ ಪಕ್ಕಕ್ಕಿಟ್ಟು ಮುಂದಿನ ಮಾಡೆಲ್ ಇಳಿಸಿಕೊಳ್ಳಿ.