ಕಬಡ್ಡಿ ತಂಡಕ್ಕೆ ಬಲ ತುಂಬಿದ ಬಗೆ

ತುಮಕೂರಿನ ಪದವಿ ಕಾಲೇಜೊಂದರ ಕಬಡ್ಡಿ ತಂಡವನ್ನು ನೋಡಿಕೊಳ್ಳುವ ಹೊಣೆ ನನಗೆ ಬಂದಾಗ ದೈಹಿಕ ಶಿಕ್ಷಣದ ಪದವಿಗಳಾದ ಬಿ.ಪಿ.ಎಡ್., ಎಂ.ಪಿ.ಎಡ್. ಎರಡೂ ಮುಗಿದಿದ್ದವು. ಹಿಡಿತ, ರೈಡಿಂಗ್, ನಿಯಮಗಳನ್ನು ಕಲಿಸಲು ಆ ಓದು ಸಾಕಾಗುತ್ತಿತ್ತು. ಆದರೆ ಹದಿನೆಂಟರ ಹುಡುಗನ ಹೆಗಲ ಮೇಲೆ ಎಷ್ಟು ಭಾರ ಇಡಬೇಕು, ಅದನ್ನು ಯಾವಾಗ ಏರಿಸಬೇಕು ಎಂಬುದು ಬೇರೆಯೇ ವಿದ್ಯೆ. 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಕ್ಕೆ ನಮ್ಮಲ್ಲಿ ದೊಡ್ಡ ಗೌರವವಿದೆ, ಅದು ಸಲ್ಲಬೇಕಾದದ್ದೇ. ಆದರೂ ಅದು ಮುಖ್ಯವಾಗಿ ಆಯಾ ಆಟದ ಕೋಚ್ ಆಗುವ ಅರ್ಹತೆ. ಬಲವರ್ಧನೆಗೆಂದೇ ಇರುವ ಅಮೆರಿಕದ ಸಿ.ಎಸ್.ಸಿ.ಎಸ್. ಪ್ರಮಾಣಪತ್ರಕ್ಕೆ ಪದವಿಯ ಜೊತೆಗೆ ಸಿ.ಪಿ.ಆರ್. (ಹೃದಯ ನಿಂತವರಿಗೆ ಎದೆಯೊತ್ತಿ ಮಾಡುವ ತುರ್ತು ಚಿಕಿತ್ಸೆ) ತರಬೇತಿಯೂ ಕಡ್ಡಾಯ. ಆ ಪರೀಕ್ಷೆಗೆ ನಾನು ಕೂತಿಲ್ಲ. ಅದರ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು ಓದಿದೆ, ಎಲ್ಲಕ್ಕಿಂತ ಮೊದಲು ಸಿ.ಪಿ.ಆರ್. ಕಲಿತೆ.

ಯಂತ್ರಗಳಿಲ್ಲದ ನಮ್ಮ ಮೈದಾನದಲ್ಲಿ ಬಸ್ಕಿಯಿಂದಲೇ ಶುರುಮಾಡಿದೆವು. ಮಂಡಿಗಳು ಒಳಕ್ಕೆ ವಾಲದೆ ಪಾದದ ನೇರದಲ್ಲಿ ನಿಲ್ಲುವವರೆಗೆ ಯಾರಿಗೂ ಮರಳಿನ ಚೀಲ ಕೊಡುತ್ತಿರಲಿಲ್ಲ. ಆಮೇಲೆ ಚೀಲವನ್ನು ಎದೆಗವಚಿಕೊಂಡು ಬಸ್ಕಿ, ನೆಲದಿಂದ ಅದನ್ನೆತ್ತುವುದು, ಜಿಗಿದು ಸದ್ದಾಗದಂತೆ ಇಳಿಯುವುದು. ನಾನು ಹೆಚ್ಚು ಕಾಲ ಕೊಟ್ಟದ್ದು ನಾರ್ಡಿಕ್ ವ್ಯಾಯಾಮಕ್ಕೆ: ಒಬ್ಬ ಮಂಡಿಯೂರಿ ನಿಲ್ಲುತ್ತಾನೆ, ಜೊತೆಗಾರ ಅವನ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ, ಮೊದಲನೆಯವನು ಸೊಂಟ ಬಗ್ಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ ಕೊನೆಗೆ ಅಂಗೈ ಊರುತ್ತಾನೆ. ಫುಟ್‌ಬಾಲ್ ಆಟಗಾರರ ಮೇಲಿನ ಅಧ್ಯಯನಗಳಲ್ಲಿ ಇದು ತೊಡೆಯ ಹಿಂಭಾಗದ ಸ್ನಾಯುವಿನ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸಿದೆ. ಮೂವತ್ತು ಸೆಕೆಂಡಿನ ರೈಡ್‌ನಲ್ಲಿ ಕಾಲು ಸಿಕ್ಕಿಬಿದ್ದಾಗಲೂ ಮಧ್ಯಗೆರೆಯತ್ತ ಮೈ ಚಾಚುವ ರೈಡರ್‌ಗೆ ಆ ಸ್ನಾಯು ಎಷ್ಟು ಮುಖ್ಯವೆಂದು ಆಡಿದವರಿಗೆಲ್ಲ ಗೊತ್ತು. ಆರಂಭದಲ್ಲಿ ಮೈನೋವು ವಿಪರೀತವಾಗುವುದರಿಂದ ನಾಲ್ಕೈದು ಸಲಕ್ಕಿಂತ ಹೆಚ್ಚು ಮಾಡಿಸಬಾರದು.

ಕೆಲವು ಹುಡುಗರು ಸಂಜೆ ಪೇಟೆಯ ಜಿಮ್‌ಗೂ ಹೋಗುತ್ತಿದ್ದರು. ಅಲ್ಲಿ ಎದೆಗೊಂದು ದಿನ, ತೋಳಿಗೊಂದು ದಿನ ಎಂಬ ದೇಹದಾರ್ಢ್ಯದ ಕ್ರಮ. ಹೋಗಬೇಡಿ ಎನ್ನುವ ಬದಲು ನಾನೇ ಅಲ್ಲಿಗೆ ಹೋಗಿ ತರಬೇತುದಾರರೊಂದಿಗೆ ಕೂತು ಮಾತಾಡಿದೆ. ನಮ್ಮ ವೇಳಾಪಟ್ಟಿಯನ್ನು ಅವರಿಗೆ ಕೊಟ್ಟ ಮೇಲೆ ಹುಡುಗರಿಗೆ ಎರಡು ಕಡೆಯ ದಣಿವು ತಪ್ಪಿತು.

ಪಂದ್ಯಾವಳಿ ಹತ್ತಿರ ಬಂದಾಗ ಬಲವರ್ಧನೆಯನ್ನೇ ನಿಲ್ಲಿಸಿಬಿಡುವುದು ನಮ್ಮ ಕಡೆಯ ಹಳೆಯ ರೂಢಿ. ನಾನು ಚೀಲದ ಭಾರವನ್ನು ಹಾಗೆಯೇ ಉಳಿಸಿ, ಸೆಟ್‌ಗಳನ್ನು ಅರ್ಧಕ್ಕಿಳಿಸಿ, ಪಂದ್ಯಕ್ಕೆ ಎರಡು ದಿನ ಮೊದಲು ಪೂರ್ತಿ ಬಿಡುವು ಕೊಡುತ್ತೇನೆ.