ಚಪ್ಪಟೆ ತಲೆಯ ಬೆಕ್ಕು: ಫೋಟೋದಿಂದ ಕ್ರೋಶಾ ನಕ್ಷೆ ಮಾಡಿದ ನನ್ನ ಅನುಭವ

ನಾನು ಹೆಣೆದ ಮೊದಲ ಬೆಕ್ಕನ್ನು ನೋಡಿ ಅಕ್ಕ ಕೇಳಿದ್ದು ಒಂದೇ ಮಾತು: "ಇದರ ತಲೆ ಮೇಲೆ ಯಾರೇ ಕೂತಿದ್ದು?" ಮೂರು ವಾರದ ಕೆಲಸ ಅದು. ಫೋಟೋದಲ್ಲಿ ಇದ್ದದ್ದು ದುಂಡು ಮುಖದ ಬೂದು ಬೆಕ್ಕು. ಕುಶನ್ ಕವರಿನ ಮೇಲೆ ಬಂದದ್ದೂ ಅದೇ ಬೆಕ್ಕು, ಆದರೆ ಮೇಲಿನಿಂದ ಹಲಗೆ ಇಟ್ಟು ಒತ್ತಿದ ಹಾಗಿತ್ತು. ನಕ್ಷೆ ಎಂದರೆ ಬಣ್ಣ ತುಂಬಿದ ಚೌಕುಳಿ ಹಾಳೆ, ಅದರ ಒಂದೊಂದು ಚೌಕವೂ ಒಂದು ಮನೆ. ಅದನ್ನು ಹಿಡಿದು ಸಾಲು ಸಾಲಾಗಿ ಎಣಿಸಿದೆ. ಒಂದು ಮನೆಯೂ ತಪ್ಪಿರಲಿಲ್ಲ.

ತಪ್ಪಿದ್ದದ್ದು ಮನೆಯ ಆಕಾರದಲ್ಲಿ. ಚಿತ್ರವನ್ನು ನಕ್ಷೆ ಮಾಡಿಕೊಡುವ ಆನ್‌ಲೈನ್ ತಂತ್ರಾಂಶಗಳು ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ. ನಾವು ಹೇಳಿದಷ್ಟು ಮನೆಗಳಾಗಿ ಚಿತ್ರವನ್ನು ಒಡೆಯುತ್ತವೆ, ಪ್ರತಿ ಮನೆಗೂ ಅಲ್ಲಿನ ಬಣ್ಣಕ್ಕೆ ಹತ್ತಿರವಾದ ಒಂದು ಬಣ್ಣ ಹಚ್ಚುತ್ತವೆ. ಒಂದು ಮನೆಗೆ ಒಂದು ಸ್ಟಿಚ್. ತೆರೆಯ ಮೇಲೆ ಆ ಮನೆ ಚಚ್ಚೌಕ. ನನ್ನ ಕೈಯಲ್ಲಿ ಬರುವ ಸಿಂಗಲ್ ಕ್ರೋಶಾ ಎಂಬ ಗಿಡ್ಡ ಸ್ಟಿಚ್ ಚಚ್ಚೌಕವಲ್ಲ, ಅಗಲ ಜಾಸ್ತಿ, ಎತ್ತರ ಕಮ್ಮಿ. (ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ನಾನು ಹೇಳುತ್ತಿರುವುದು ಅಮೆರಿಕದ ಲೆಕ್ಕ.) 10 ಸೆಂ.ಮೀ. ಚೌಕದ ಮಾದರಿ ತುಂಡು ಹೆಣೆದು ಅಳೆದಾಗ ಅಗಲಕ್ಕೆ 16 ಸ್ಟಿಚ್, ಎತ್ತರಕ್ಕೆ 19 ಸಾಲು ಬಂತು. ಅಂದರೆ 80 ಮನೆ ಅಗಲ, 80 ಮನೆ ಎತ್ತರದ ನಕ್ಷೆ ನನ್ನ ಕೈಯಲ್ಲಿ 50 ಸೆಂ.ಮೀ. ಅಗಲ, 42 ಸೆಂ.ಮೀ. ಎತ್ತರ. ಬೆಕ್ಕಿನ ತಲೆಯ ಮೇಲೆ ಕೂತಿದ್ದವಳು ನಾನೇ.

ಮಾದರಿ ತುಂಡು ಹೆಣೆಯುವುದು ಸೋಮಾರಿಗಳಿಗೆ ಬೇಸರದ ಕೆಲಸ. ನಾನೂ ಆ ಪೈಕಿಯೇ. ಆದರೆ ಚಿತ್ರ ಹೆಣೆಯುವಾಗ ಅದಿಲ್ಲದೆ ಆಗದು. ಈಗ ಮೊದಲು ಆ ತುಂಡು, ಆಮೇಲೆ ಕಂಪ್ಯೂಟರ್. ಸ್ಟಿಚ್ ಫಿಡಲ್‌ನಂಥ ತಾಣದಲ್ಲಿ ಈ ಅಳತೆ ತುಂಬಲು ಜಾಗವಿದೆ, ಅದು ತಾನೇ ಲೆಕ್ಕ ಹಾಕುತ್ತದೆ. ಅಂಥ ಜಾಗ ಇಲ್ಲದ ಕಡೆ ನಾನೇ ಗುಣಿಸುತ್ತೇನೆ: 80ನ್ನು 19ರಿಂದ ಗುಣಿಸಿ 16ರಿಂದ ಭಾಗಿಸಿದರೆ 95. ಚೌಕ ಚಿತ್ರಕ್ಕೆ 80 ಮನೆ ಅಗಲ, 95 ಸಾಲು. ತೆರೆಯ ಮೇಲೆ ಬೆಕ್ಕು ಉದ್ದ ಮುಖದ್ದಾಗಿ ಕಾಣುತ್ತದೆ, ಹೆದರಬೇಕಿಲ್ಲ.

ಎರಡನೇ ಸಲ ಅದೇ ಫೋಟೋ ಹಾಕಿದಾಗ ಇನ್ನೊಂದು ತಲೆನೋವು ಎದ್ದಿತು. ಮೊದಲ ಸಲವೂ ಅದು ಇತ್ತು, ಚಪ್ಪಟೆ ತಲೆಯ ಗಲಾಟೆಯಲ್ಲಿ ಗಮನಿಸಿರಲಿಲ್ಲ. ಬಣ್ಣ 12 ಇರಲಿ ಎಂದು ಕೇಳಿದ್ದೆ. ತಂತ್ರಾಂಶ 12 ಕೊಟ್ಟಿತು, ಅದರಲ್ಲಿ ಐದು ಬೂದು. ಮೈಮೇಲೆಲ್ಲ ಒಂಟಿ ಮನೆಗಳು, ಯಾರೋ ಎಳ್ಳು ಚೆಲ್ಲಿದ ಹಾಗೆ. ಒಂಟಿ ಮನೆ ಎಂದರೆ ಒಂದು ಸ್ಟಿಚ್ಚಿಗಾಗಿ ದಾರ ಬದಲಿಸಬೇಕು, ಮತ್ತೆ ಹಳೆಯ ದಾರಕ್ಕೆ ಬರಬೇಕು. ಇದಕ್ಕೆ ಕಾರಣ ಎರಡು. ಡಿದರಿಂಗ್ ಎಂಬ ಆಯ್ಕೆ ಚಾಲೂ ಇದ್ದರೆ, ಇಲ್ಲದ ಬಣ್ಣವನ್ನು ತೋರಿಸಲು ತಂತ್ರಾಂಶ ಇರುವ ಎರಡು ಬಣ್ಣದ ಚುಕ್ಕಿಗಳನ್ನು ಬೆರೆಸುತ್ತದೆ. ತೆರೆಗೆ ಅದು ಚೆಂದ, ಕಡ್ಡಿಗೆ ಶಿಕ್ಷೆ. ಇನ್ನೊಂದು, ಜೆಪೆಗ್ ಚಿತ್ರದ ಫೈಲನ್ನು ಕುಗ್ಗಿಸಿದಾಗ ಅಂಚುಗಳ ಸುತ್ತ ಉಳಿಯುವ ಕಲೆಗಳು. ಕಣ್ಣಿಗೆ ಕಾಣದಿದ್ದರೂ ಬಣ್ಣ ಆರಿಸುವ ಲೆಕ್ಕಕ್ಕೆ ಅವು ಸಿಗುತ್ತವೆ. ಡಿದರಿಂಗ್ ತೆಗೆದೆ, ಫೋನಿನಲ್ಲಿದ್ದ ಮೂಲ ಫೋಟೋವನ್ನೇ ಹಾಕಿದೆ (ಮೊದಲು ಹಾಕಿದ್ದು ಮೆಸೇಜಿನಲ್ಲಿ ಹೋಗಿ ಬಂದ ಪ್ರತಿ). ಅರ್ಧ ಎಳ್ಳು ಮಾಯ.

ಉಳಿದರ್ಧಕ್ಕೆ ತಂತ್ರಾಂಶದಲ್ಲಿ ಮದ್ದಿಲ್ಲ. ಚಿತ್ರವನ್ನು ಚೌಕ ಮನೆಗಳಿಗೆ ಇಳಿಸುವುದೇನೂ ಹೊಸ ವಿದ್ಯೆಯಲ್ಲ. 19ನೇ ಶತಮಾನದ ಮೊದಲ ವರ್ಷಗಳಲ್ಲೇ ಬರ್ಲಿನ್‌ನಲ್ಲಿ ಚೌಕುಳಿ ಹಾಳೆಯ ಮೇಲೆ ಉಣ್ಣೆ ಕಸೂತಿಯ ನಕ್ಷೆ ಅಚ್ಚು ಹಾಕಿ, ಒಂದೊಂದು ಮನೆಗೂ ಕೈಯಿಂದ ಬಣ್ಣ ತುಂಬಿ ಮಾರುತ್ತಿದ್ದರು. ಆ ನಕ್ಷೆ ಬರೆದವನು ಯಾವ ಎಲೆ ಬೇಕು, ಯಾವ ನೆರಳು ಬೇಡ ಎಂದು ಮೊದಲೇ ನಿರ್ಧರಿಸಿರುತ್ತಿದ್ದ. ತಂತ್ರಾಂಶ ಹಾಗೆ ಆರಿಸುವುದಿಲ್ಲ. ಬೆಕ್ಕಿನ ಕಣ್ಣೂ ಅದಕ್ಕೆ ಒಂದೇ, ಹಿಂದಿನ ಪರದೆಯ ಮಡಿಕೆಯೂ ಒಂದೇ. ಏನನ್ನು ಬಿಡಬೇಕು ಎಂಬ ಕೆಲಸ ನನ್ನ ಪಾಲಿಗೇ ಉಳಿಯಿತು.

ಹಾಗಾಗಿ ಫೋಟೋ ಹಾಕುವ ಮೊದಲೇ ಕತ್ತರಿ ಆಡಿಸಿದೆ. ಮುಖ ಮತ್ತು ಎದೆ ಮಾತ್ರ ಉಳಿಸಿಕೊಂಡು, ಹಿನ್ನೆಲೆ ಅಳಿಸಿ ಒಂದೇ ಕೆನೆಬಣ್ಣ ತುಂಬಿದೆ. ಬೆಳಕು–ಕತ್ತಲಿನ ಅಂತರ ಹೆಚ್ಚಿಸಿದೆ. ಉಚಿತವಾಗಿ ಸಿಗುವ, ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಪೋಸ್ಟರೈಜ್ ಎಂಬ ಆಯ್ಕೆಯಿದೆ. ಅದು ಮೆಲ್ಲಗೆ ಕರಗುವ ನೆರಳುಗಳನ್ನು ಕೆಲವೇ ಮೆಟ್ಟಿಲುಗಳಿಗೆ ಇಳಿಸುತ್ತದೆ. ಇಷ್ಟಾದ ಮೇಲೆ ಐದೇ ಬಣ್ಣ ಕೇಳಿದೆ.

ಬಣ್ಣದ ವಿಷಯದಲ್ಲಿ ನಾನು ಕಲಿತದ್ದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ತಂತ್ರಾಂಶ ಹೇಳಿದ ಬಣ್ಣವನ್ನು ಹುಡುಕಿಕೊಂಡು ಹೋಗಬಾರದು, ಕೈಯಲ್ಲಿರುವ ಉಂಡೆಗಳನ್ನು ತಂತ್ರಾಂಶಕ್ಕೆ ತೋರಿಸಬೇಕು. ತೆರೆಯ ಬಣ್ಣ ಬೆಳಕು, ಉಣ್ಣೆಯದು ಬೆಳಕು ಬಿದ್ದು ತಿರುಗಿ ಬಂದದ್ದು. ಎರಡೂ ಸರಿಸಾಟಿಯಾಗುವುದು ಅಪರೂಪ. ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ, ಉಂಡೆಗಳನ್ನು ಸಾಲಾಗಿಟ್ಟು ಫೋಟೋ ತೆಗೆದು, ಆ ಬಣ್ಣಗಳನ್ನೇ ಹೆಕ್ಕಿ ನಕ್ಷೆಗೆ ಕೊಟ್ಟೆ. ಅದೇ ಫೋಟೋವನ್ನು ಕಪ್ಪು–ಬಿಳುಪು ಮಾಡಿ ನೋಡಿದರೆ ಎರಡು ಬೂದು ಉಂಡೆಗಳು ಒಂದರೊಳಗೊಂದು ಕರಗಿಹೋಗಿದ್ದವು. ಒಂದು ನೀಲಿ ಛಾಯೆಯದು, ಒಂದು ಕಂದು ಛಾಯೆಯದು. ಕೈಯಲ್ಲಿ ಹಿಡಿದರೆ ಬೇರೆ ಬೇರೆ, ದೂರದಿಂದ ಒಂದೇ. ಕಂದು ಛಾಯೆಯದನ್ನು ವಾಪಸ್ ಡಬ್ಬಿಗೆ ಹಾಕಿ, ಗಾಢ ಬೂದು ತಂದೆ.

ಆಮೇಲೆ ಎರಡು ಸಂಜೆ ಒಂಟಿ ಮನೆಗಳನ್ನು ಒಂದೊಂದಾಗಿ ಅಳಿಸಿದೆ. ಮೂರಕ್ಕಿಂತ ಕಡಿಮೆ ಮನೆಗಳ ತುಣುಕು ಕಂಡರೆ ಪಕ್ಕದ ಬಣ್ಣದಲ್ಲಿ ಮುಳುಗಿಸುವುದು, ಇದು ನಾನು ಹಾಕಿಕೊಂಡ ಕಟ್ಟಳೆ. ಮುರಿದದ್ದು ಎರಡೇ ಕಡೆ: ಪ್ರತಿ ಕಣ್ಣಿನಲ್ಲೂ ಒಂದು ಬಿಳಿ ಮನೆ. ಅದನ್ನು ತೆಗೆದು ನೋಡಿದೆ, ಬೆಕ್ಕು ಗೊಂಬೆಯಾಯಿತು. ವಾಪಸ್ ಇಟ್ಟೆ. ನಡುನಡುವೆ ಎದ್ದು ಕೋಣೆಯ ಆ ತುದಿಗೆ ಹೋಗಿ, ಕಣ್ಣು ಕಿರಿದು ಮಾಡಿ ತೆರೆಯನ್ನು ನೋಡುತ್ತಿದ್ದೆ. ಹತ್ತಿರದಿಂದ ಬರೀ ಇಟ್ಟಿಗೆ ಗೋಡೆಯಂತಿದ್ದದ್ದು ಅಲ್ಲಿಂದ ಬೆಕ್ಕಾಗುತ್ತಿತ್ತು. 40 ಮನೆ ಅಗಲದಲ್ಲೂ ಒಮ್ಮೆ ಮಾಡಿ ನೋಡಿದೆ, ಕೆಲಸ ಕಮ್ಮಿಯಾಗಲಿ ಎಂಬ ಆಸೆ. ಒಂದೊಂದು ಕಣ್ಣಿಗೆ ಮೂರು ಮನೆ ಸಿಕ್ಕಿತು. ಗುಂಡಿ ಹೊಲಿದ ಹಾಗೆ ಕಂಡಿತು. ಮುಖ ಬೇಕೆಂದರೆ ಕಣ್ಣಿಗೆ ಎಷ್ಟು ಮನೆ ಬೇಕು ಎಂಬುದರಿಂದ ಅಗಲ ಗೊತ್ತುಮಾಡಬೇಕು, ಕುಶನ್ನಿನ ಅಳತೆಯಿಂದಲ್ಲ.

ಉಣ್ಣೆಯ ಲೆಕ್ಕಕ್ಕೂ ಮಾದರಿ ತುಂಡೇ ಒದಗಿತು. ಅದರಲ್ಲಿ 16×19, ಅಂದರೆ 304 ಸ್ಟಿಚ್, ತೂಕ 7 ಗ್ರಾಂ. ನಕ್ಷೆಯಲ್ಲಿ 7600 ಸ್ಟಿಚ್, ಸರಿಯಾಗಿ 25 ಪಟ್ಟು, ಒಟ್ಟು 175 ಗ್ರಾಂ. ಯಾವ ಬಣ್ಣದ ಮನೆ ಎಷ್ಟೆಂದು ತಂತ್ರಾಂಶವೇ ಎಣಿಸಿ ಕೊಡುವುದರಿಂದ ಹಂಚುವುದು ಸುಲಭ. ತುದಿ ಕಟ್ಟಲು, ಬಿಚ್ಚಿ ಹೆಣೆಯಲು ಎಂದು ಐದನೇ ಒಂದು ಪಾಲು ಜಾಸ್ತಿ ಇಟ್ಟುಕೊಂಡೆ. ಬಿಚ್ಚುವ ಭಾಗ್ಯ ಬೇಗ ಬಂತು.

ತಾಣದಲ್ಲಿ ನಕ್ಷೆಯ ಜೊತೆ ಅಕ್ಷರದಲ್ಲೂ ಸೂಚನೆ ಸಿಗುತ್ತದೆ: ಮೊದಲ ಸಾಲು, 20 ಕೆನೆ, 40 ಬೂದು, 20 ಕೆನೆ, ಹೀಗೆ. ಹಿಂದೆ ಮುಂದೆ ತಿರುಗಿಸಿ ಹೆಣೆಯುವಾಗ ಒಂದು ಸಾಲನ್ನು ಬಲದಿಂದ ಎಡಕ್ಕೆ ಓದಿದರೆ ಮುಂದಿನದನ್ನು ಎಡದಿಂದ ಬಲಕ್ಕೆ ಓದಬೇಕು. ನಾನು ಆತುರದಲ್ಲಿ "ಸುತ್ತು ಹೆಣಿಗೆ" (ತಿರುಗಿಸದೆ ಒಂದೇ ದಿಕ್ಕಿಗೆ ಹೆಣೆಯುವುದು) ಎಂಬುದಕ್ಕೆ ಗುರುತು ಹಾಕಿಬಿಟ್ಟಿದ್ದೆ. ಎಲ್ಲ ಸಾಲೂ ಬಲದಿಂದಲೇ ಅಚ್ಚಾಗಿತ್ತು. ಮೊದಲ ಹತ್ತು ಸಾಲು ಎರಡು ಕಡೆಯೂ ಒಂದೇ ತೆರನಾದ ಎದೆ, ಗೊತ್ತೇ ಆಗಲಿಲ್ಲ. 11ನೇ ಸಾಲಿನಿಂದ ಎಡಭುಜದ ಕಪ್ಪು ಮಚ್ಚೆ ಶುರುವಾಯಿತು. 14ಕ್ಕೆ ಬರುವಷ್ಟರಲ್ಲಿ ಬೆಕ್ಕಿಗೆ ಎರಡೂ ಭುಜದಲ್ಲಿ ಒಂದೊಂದು ಪಟ್ಟೆಪಟ್ಟೆ ಮಚ್ಚೆ. ನಾಲ್ಕು ಸಾಲು ಬಿಚ್ಚಿದೆ.

ದಾರ ಬದಲಿಸುವಾಗ ಹಳೆಯ ಬಣ್ಣದ ಕೊನೆಯ ಸ್ಟಿಚ್ಚಿನ ಕಡೆಯ ಎಳೆತವನ್ನು ಹೊಸ ದಾರದಿಂದಲೇ ಎಳೆಯಬೇಕು, ಇಲ್ಲದಿದ್ದರೆ ಅಂಚು ಒಂದು ಮನೆ ಸೋರುತ್ತದೆ. ಕಪ್ಪು ದಾರವನ್ನು ಕೆನೆಬಣ್ಣದ ಒಳಗೆ ಹಾಯಿಸಿಕೊಂಡು ಹೋದರೆ ಕೊಳೆಯಾದ ಹಾಗೆ ಇಣುಕುತ್ತದೆ. ಅದಕ್ಕೇ ಪ್ರತಿ ಬಣ್ಣದ ತುಂಡಿಗೂ ಬೇರೆ ಬೇರೆ ಚಿಕ್ಕ ಸುತ್ತು ಮಾಡಿ, ಬಟ್ಟೆ ಕ್ಲಿಪ್ಪಿಗೆ ಸುತ್ತಿ ತೂಗಿಬಿಟ್ಟೆ. ಕಿವಿಗಳ ಸಾಲಿನಲ್ಲಿ ಒಟ್ಟಿಗೆ ಒಂಬತ್ತು ಕ್ಲಿಪ್ಪು ನೇತಾಡುತ್ತಿದ್ದವು. ಒಂದು ಸಾಲಿನ ಕೊನೆಯಲ್ಲಿ ಹೆಣಿಗೆಯನ್ನು ಬಲಕ್ಕೆ ತಿರುಗಿಸಿದರೆ ಇನ್ನೊಂದರ ಕೊನೆಯಲ್ಲಿ ಎಡಕ್ಕೆ ತಿರುಗಿಸಿ. ಗೋಜಲು ತಾನೇ ಬಿಡುತ್ತದೆ.

ಮೀಸೆಯನ್ನು ಮಾತ್ರ ನಕ್ಷೆಯಿಂದ ಪೂರ್ತಿ ಅಳಿಸಿದ್ದೆ. ತಂತ್ರಾಂಶ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನಡುವೆ ಎರಡೆರಡು ಮನೆ ನುಂಗಿತ್ತು. ಹೆಣಿಗೆ ಮುಗಿದ ಮೇಲೆ ಸೂಜಿಗೆ ಬಿಳಿ ದಾರ ಪೋಣಿಸಿ ಉದ್ದ ಎಳೆಗಳಲ್ಲಿ ಕೂರಿಸಿದೆ. ಎಡಕ್ಕೆ ಮೂರು, ಬಲಕ್ಕೆ ಮೂರು. ಫೋಟೋದಲ್ಲಿ ಬಲಕ್ಕೆ ಕಾಣುತ್ತಿದ್ದದ್ದು ಎರಡೇ, ಮೂರನೆಯದು ನಾನು ಸೇರಿಸಿದ್ದು.