ಅಕ್ಕಿ ಕಾಟಾ ಮತ್ತು ನನ್ನ ಲಿವರ್ ಲೆಕ್ಕ: ಗಂಗಾವತಿಯ ಕ್ಲಿನಿಕ್‌ನಿಂದ

ದಲಾಲಿ ಅಂಗಡಿಯ ಗುಮಾಸ್ತರೊಬ್ಬರು ಒಂಬತ್ತು ವರ್ಷ ನನ್ನ ಹತ್ತಿರ ಶುಗರ್‌ಗೆ ಬರುತ್ತಿದ್ದರು. ಕೊರಳಲ್ಲಿ ಲಿಂಗ, ಬಾಯಿಗೆ ಅಡಿಕೆ ಸಹ ಹಾಕದ ಮನುಷ್ಯ. 58ನೇ ವಯಸ್ಸಿಗೆ ಒಂದು ರಾತ್ರಿ ರಕ್ತ ವಾಂತಿ ಮಾಡಿಕೊಂಡರು. ದೊಡ್ಡ ಆಸ್ಪತ್ರೆಯಲ್ಲಿ ಸಿರೋಸಿಸ್, ಅಂದರೆ ಲಿವರ್ ತುಂಬಾ ಗಾಯದ ಕಲೆಯಾಗಿ ಗಟ್ಟಿಯಾಗಿದೆ ಅಂದರು. ಹತ್ತು ತಿಂಗಳಿಗೆ ಹೋಗಿಬಿಟ್ಟರು.

ಓಣಿಯವರೆಲ್ಲ ಕದ್ದು ಕುಡಿಯುತ್ತಿದ್ದ ಅಂದರು. ಅವರ ಹೆಂಡತಿ ಫೈಲ್ ಹಿಡಿದುಕೊಂಡು ಬಂದರು. "ಸರ, ಇವರು ಎಂದೂ ಬಾಟ್ಲಿ ಮುಟ್ಟಿದವರಲ್ರಿ. ನೀವಾದ್ರೂ ಹೇಳ್ರಿ ಎಲ್ಲಾರಿಗೂ."

ಆ ರಾತ್ರಿ ಫೈಲ್ ತೆರೆದು ಕೂತೆ. ನಾಲ್ಕು ವರ್ಷ ಹಿಂದಿನ ರಿಪೋರ್ಟ್: ವಯಸ್ಸು 54, ಲಿವರ್ ಎಂಜೈಮ್‌ಗಳಾದ ಎಸ್‌ಜಿಒಟಿ 44, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.88 ಲಕ್ಷ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ "ಲಿವರ್ ನಾರ್ಮಲ್". ಲಿವರ್‌ನಲ್ಲಿ ಗಾಯದ ಕಲೆ ಇರಬಹುದಾ ಅಂತ ಅಂದಾಜು ಮಾಡೋ ಫಿಬ್-4 ಲೆಕ್ಕ ಹಾಕಿದೆ. 54 ಇಂಟು 44, ಅಂದರೆ 2,376. ಅದನ್ನು 188 (ಪ್ಲೇಟ್‌ಲೆಟ್, ಸಾವಿರದ ಲೆಕ್ಕದಲ್ಲಿ) ಇಂಟು 36ರ ವರ್ಗಮೂಲವಾದ 6, ಅಂದರೆ 1,128ರಿಂದ ಭಾಗಿಸಿದರೆ 2.1. 1.3 ದಾಟಿದರೆ ಮುಂದಿನ ಪರೀಕ್ಷೆ ಮಾಡಿಸಬೇಕು ಅಂತ ಡಾಕ್ಟರಾದ ನಮಗೆಲ್ಲ ಗೊತ್ತು. ನಾಲ್ಕೂ ನಂಬರ್ ನನ್ನ ಮೇಜಿನ ಮೇಲೇ ಇದ್ದವು. ಲೆಕ್ಕಕ್ಕೆ ಒಂದು ರೂಪಾಯಿ ಖರ್ಚಿರಲಿಲ್ಲ.

ಅಲ್ಲಿಂದ ಶುರುವಾಯಿತು. ಆದರೆ ಮೊದಲ ಹೆಜ್ಜೆಯೇ ತಪ್ಪಿತು. ಲಿವರ್‌ನಲ್ಲಿ ಕೊಬ್ಬು ಸೇರಿದವರನ್ನು (ಫ್ಯಾಟಿ ಲಿವರ್) ಹುಡುಕೋಕೆ ಕೈಯಿಂದ ಸುಮಾರು 35,000 ಹಾಕಿ ಅಲ್ಟ್ರಾಸೌಂಡ್ ಕ್ಯಾಂಪ್ ಮಾಡಿದೆ. 80 ಜನ ಬಂದರು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಗ್ರೇಡ್ 1, ಗ್ರೇಡ್ 2 ಕೊಬ್ಬು. ಎಲ್ಲರೂ ಕೇಳಿದ್ದು ಒಂದೇ, ಲಿವರ್ ಟಾನಿಕ್ ಬರೆದುಕೊಡಿ ಅಂತ. ಗ್ರೇಡ್ ನೋಡಿ ಗಾಯದ ಕಲೆ ಎಷ್ಟಿದೆ ಅಂತ ಹೇಳೋಕಾಗಲ್ಲ. ಗುಮಾಸ್ತರ ಕೊನೆಯ ಸ್ಕ್ಯಾನ್‌ನಲ್ಲಿ ಕೊಬ್ಬೇ ಕಾಣಿಸಿರಲಿಲ್ಲ. ಲಿವರ್ ಕಲೆ ತುಂಬಿ ಕುಗ್ಗಿದ ಮೇಲೆ ಕೊಬ್ಬೂ ಹೋಗಿರಬಹುದು, ಎಂಜೈಮ್ ಸಹ ನಾರ್ಮಲ್ ಬರಬಹುದು. ಇದನ್ನು ಡಾಕ್ಟರುಗಳ ಮೀಟಿಂಗ್‌ನಲ್ಲಿ ಹೇಳಿದಾಗ ಒಬ್ಬ ಹಿರಿಯರು, "ಫ್ಯಾಟಿ ಲಿವರ್ ಯಾರಿಗಿಲ್ಲರಿ? ಸುಮ್ನೆ ಹೆದರಿಸಬೇಡ್ರಿ" ಅಂದರು.

ಎರಡನೇ ವರ್ಷ ಕ್ಯಾಂಪ್ ಬಿಟ್ಟೆ. ಪ್ರತಿ ಶುಗರ್ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಫಿಬ್-4 ಬರೆಯೋಕೆ ಲ್ಯಾಬ್ ಹುಡುಗನಿಗೆ ಕಲಿಸಿದೆ. ಎರಡು ವರ್ಷದಲ್ಲಿ ಹೆಚ್ಚುಕಡಿಮೆ 420 ಜನ. 130ರಷ್ಟು ಜನ 1.3ರ ಮೇಲೆ. ಮುಂದಿನ ಪರೀಕ್ಷೆ ಅಂದರೆ ಫೈಬ್ರೋಸ್ಕ್ಯಾನ್, ಲಿವರ್‌ನ ಗಡಸುತನ ಅಳೆಯೋ ಸ್ಕ್ಯಾನ್. ಅದು ನಮ್ಮೂರಲ್ಲಿ ಇರಲಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಮೇಲೆ ಸ್ಕ್ಯಾನ್ ಫೀಸು ಅಂದರೆ ಯಾರು ಹೋಗುತ್ತಾರೆ? ಹತ್ತತ್ತು ಜನರನ್ನು ಒಟ್ಟಿಗೆ ಕಳಿಸುತ್ತೇನೆ ಅಂತ ಸ್ಕ್ಯಾನ್ ಸೆಂಟರ್ ಜೊತೆ ಮಾತಾಡಿ ತಲೆಗೆ 1,500ಕ್ಕೆ ಇಳಿಸಿದೆ.

ಮೊದಲ ಬ್ಯಾಚ್ ಹಾಳಾಯಿತು. ದಾರಿಯಲ್ಲಿ ಕ್ರೂಸರ್ ನಿಲ್ಲಿಸಿ ಎಲ್ಲರೂ ವಗ್ಗರಣಿ, ಮಿರ್ಚಿ ಹೊಡೆದು ಹೋಗಿದ್ದರು. ಊಟ ಆದ ಕೂಡಲೇ ಲಿವರ್‌ಗೆ ರಕ್ತ ಜಾಸ್ತಿ ಹರಿಯುತ್ತೆ, ಗಡಸುತನ ಏರಿಸಿ ತೋರಿಸುತ್ತೆ. ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆ ಬೇಕು ಅಂತ ನಾನು ಡ್ರೈವರ್‌ಗೇ ಹೇಳಬೇಕಿತ್ತು. ಇನ್ನೊಂದು ಸಲ ಡೆಂಗಿ ಸೀಸನ್‌ನಲ್ಲಿ ಪೆಟ್ಟು ಬಿತ್ತು. ಪ್ಲೇಟ್‌ಲೆಟ್ ಇಳಿದು, ಎಸ್‌ಜಿಒಟಿ ಏರಿ, ಒಂದೇ ತಿಂಗಳಲ್ಲಿ ಎಷ್ಟೋ ಜನರ ಫಿಬ್-4 ಮೂರು ದಾಟಿತು. ಒಂಬತ್ತು ಜನರನ್ನು ಕಳಿಸಿದೆ, ಎಂಟು ಜನರದ್ದು ನಾರ್ಮಲ್. ಆ ಎಂಟು ಜನರ 12,000 ನೀರಲ್ಲಿ ಹೋಮ. ಅರ್ಧ ದುಡ್ಡು ನಾನೇ ವಾಪಸ್ ಕೊಟ್ಟೆ. ಈಗ ಜ್ವರ ಬಂದು ಹೋದವರಿಗೆ ಆರು ವಾರ ಲೆಕ್ಕವೇ ಹಾಕಲ್ಲ. ವಯಸ್ಸು 65 ದಾಟಿದವರಿಗೆ 1.3ರ ಬದಲು 2.0 ಇಟ್ಟುಕೊಂಡಿದ್ದೇನೆ.

ಕೊನೆಗೆ 85 ಜನ ಸ್ಕ್ಯಾನ್ ಆದರು. 30 ಜನ 8 ಕಿಲೋಪ್ಯಾಸ್ಕಲ್ (ಗಡಸುತನದ ಅಳತೆ) ಮೇಲೆ, ಅಂದರೆ ಕಲೆ ಇರೋ ಸಾಧ್ಯತೆ ಇದ್ದವರು. ಅವರಲ್ಲಿ ನಾಲ್ವರು ಆಗಲೇ ಸಿರೋಸಿಸ್‌ನಲ್ಲಿದ್ದರು. ನಾಲ್ವರಲ್ಲಿ ಕುಡಿಯುವವರು ಒಬ್ಬರೇ. ಆ ನಾಲ್ವರನ್ನು ತೂಕ ಇಳಿಸೋಕೆ ಹಚ್ಚಲಿಲ್ಲ. ಅವರಿಗೆ ಬೇಳೆ, ಮೊಟ್ಟೆ, ಮಲಗುವಾಗ ಒಂದಿಷ್ಟು ತಿಂಡಿ, ಎಂಡೋಸ್ಕೋಪಿ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್.

ಉಳಿದ 26 ಜನರ ತೂಕ ಇಳಿಸೋದೇ ನಿಜವಾದ ಕೆಲಸ. 7 ಪರ್ಸೆಂಟ್ ಇಳಿದರೆ ಉರಿಯೂತ ತಗ್ಗುತ್ತೆ, 10 ಇಳಿದರೆ ಕಲೆಯೂ ಹಿಂದೆ ಸರಿಯೋ ಸಾಧ್ಯತೆ ಇದೆ. ಬೆಂಗಳೂರಿನಿಂದ ಡಯಟ್ ಚಾರ್ಟ್ ತರಿಸಿದ್ದೆ. ಓಟ್ಸ್, ಆಲಿವ್ ಎಣ್ಣೆ. ಸೋನಾ ಮಸೂರಿ ಬೆಳೆಯೋ ಊರಲ್ಲಿ ಅದು ಒಂದು ವಾರವೂ ನಡೆಯಲಿಲ್ಲ. ಆಮೇಲೆ ನವಣೆ ಹಿಡಿದೆ. ಒಳ್ಳೇದು ಅಂತ ಹೇಳಿದ್ದಕ್ಕೆ ಎರಡು ಪಟ್ಟು ಉಂಡರು. ಮೂರು ತಿಂಗಳಿಗೆ ಕೆಲವರು ಒಂದು ಕೆಜಿ ಏರಿದ್ದರು. ಕಾಳು ಬದಲಾದರೆ ಸಾಲದು, ಅಳತೆ ಬದಲಾಗಬೇಕು.

ಒಂದು ದಿನ ಮಿಲ್ ಮಾಲೀಕರೊಬ್ಬರ ಮುಂದೆ ಸಕ್ಕರೆ ಡಬ್ಬಿ ಇಟ್ಟೆ. ದಿನಕ್ಕೆ ಎಂಟು ಚಹಾ ಕುಡೀತೀನಿ ಅಂದಿದ್ದರು. ಚಹಾಕ್ಕೆ ಎರಡರಂತೆ ಹದಿನಾರು ಚಮಚ ಅವರ ಕೈಯಿಂದಲೇ ಸ್ಟೀಲ್ ಬಟ್ಟಲಿಗೆ ಹಾಕಿಸಿದೆ. ಬಟ್ಟಲು ಅರ್ಧ ತುಂಬಿತು. ಅವರು ಬಟ್ಟಲನ್ನು ಅಲ್ಲಾಡಿಸಿ ನೋಡಿದರು, ಏನೂ ಮಾತಾಡಲಿಲ್ಲ. ಮರುದಿನ ತಮ್ಮ ಮಿಲ್‌ನಲ್ಲಿ ಸಕ್ಕರೆ ಇಲ್ಲದ ಚಹಾ ಬೇರೆ ಕೆಟಲ್‌ನಲ್ಲಿ ಇಡಿಸಿದರು.

ಕಾಟಾದ ಐಡಿಯಾ ಬಂದದ್ದೂ ಅಲ್ಲೇ. ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ. ಸೋಮವಾರ ಬೆಳಿಗ್ಗೆ ಏಳಕ್ಕೆ, ಲಾರಿ ಬರೋಕಿಂತ ಮುಂಚೆ, ಎಲ್ಲರೂ ಚಪ್ಪಲಿ ಬಿಟ್ಟು ಹತ್ತಬೇಕು. ನಂಬರ್ ಎಲ್ಲರಿಗೂ ಕಾಣುತ್ತೆ. ಕ್ಲಿನಿಕ್‌ನ ಮುಳ್ಳಿನ ತೂಕವನ್ನು ನಂಬದವರು ಅಕ್ಕಿ ಕಾಟಾವನ್ನು ನಂಬಿದರು. ಊಟದ ನಿಯಮ ಇಷ್ಟೇ: ಮಧ್ಯಾಹ್ನ ಒಂದು ಅಳತೆ ಅನ್ನ, ರಾತ್ರಿ ಅನ್ನ ಇಲ್ಲ. ರಾತ್ರಿ ಒಂದೂವರೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳು, ಮಜ್ಜಿಗೆ. ಊಟ ಆದ ಮೇಲೆ ಕಾಲುವೆ ದಂಡೆ ಮೇಲೆ ಅರ್ಧ ಗಂಟೆ ನಡಿಗೆ. ಅಳತೆ ಬಟ್ಟಲು ಕೊಟ್ಟಿದ್ದು ರೋಗಿಗಲ್ಲ, ಮನೆಯಲ್ಲಿ ಬಡಿಸುವವರಿಗೆ. ಎರಡನೇ ತಿಂಗಳ ನಂತರ ಜನ ಜಾರಿಕೊಳ್ಳದ ಹಾಗೆ ಹಿಡಿದಿಡೋಕೆ ಇನ್ನೊಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಕ್ಲಿನಿಕ್‌ಗೆ ಬಂದವರಿಗೆ ತೋರಿಸುತ್ತೇನೆ.

ಒಂದು ತಪ್ಪು ಮಾತ್ರ ಬಚ್ಚಿಡಬಾರದು. ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರಿಗೆ ಡೋಸ್ ಇಳಿಸದೆ ರಾತ್ರಿ ಅನ್ನ ಬಿಡಿಸಿದೆ. ಬೆಳಗಿನ ಜಾವ ಬೆವರಿ ಬಿದ್ದರು. ಶುಗರ್ 48. ಮನೆಯವರು ಬೆಲ್ಲದ ನೀರು ಕುಡಿಸಿ ಉಳಿಸಿಕೊಂಡರು. ಈಗ ಮೊದಲು ಮಾತ್ರೆ ಇಳಿಸುತ್ತೇನೆ, ಆಮೇಲೆ ಅನ್ನ.

ಔಷಧಿ ಬಗ್ಗೆ ಜಾಸ್ತಿ ಬರೆಯಲ್ಲ. ಸರೋಗ್ಲಿಟಜಾರ್ ಅನ್ನೋ ಮಾತ್ರೆಗೆ ಈ ಲಿವರ್ ಕಾಯಿಲೆಗೆ ಕೊಡೋಕೆ 2020ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕ ಮೇಲೆ ಹತ್ತು ಹನ್ನೆರಡು ಜನಕ್ಕೆ ಕೊಟ್ಟು ನೋಡಿದೆ. ಎಂಜೈಮ್ ಇಳಿದವು, ಹೊಟ್ಟೆ ಇಳಿಯಲಿಲ್ಲ.

ಒಂದು ವರ್ಷಕ್ಕೆ 26ರಲ್ಲಿ 17 ಜನ 7 ಪರ್ಸೆಂಟ್ ದಾಟಿದರು. ಮರು ಸ್ಕ್ಯಾನ್‌ನಲ್ಲಿ 14 ಜನರ ನಂಬರ್ ಇಳಿದಿತ್ತು. ಚಹಾದ ಸಕ್ಕರೆ ಬಿಟ್ಟ ಆ ಮಾಲೀಕರು 92ರಿಂದ 83 ಕೆಜಿಗೆ, ಸ್ಕ್ಯಾನ್ ನಂಬರ್ 11.4ರಿಂದ 7.6ಕ್ಕೆ. ಉರಿಯೂತ ಇಳಿದರೂ ನಂಬರ್ ಇಳಿಯುತ್ತೆ, ಹಾಗಾಗಿ ಕಲೆ ಪೂರ್ತಿ ಹೋಯಿತು ಅನ್ನಲ್ಲ. ಆದರೆ ಹೆದರಿಸಬೇಡಿ ಅಂದಿದ್ದ ಹಿರಿಯರು ಈಗ ತಮ್ಮ ರೋಗಿಗಳನ್ನೂ ಸೋಮವಾರ ಕಾಟಾಕ್ಕೆ ಕಳಿಸುತ್ತಾರೆ. ಮಾತ್ರೆಗೆ ಕಟ್ಟುಬಿದ್ದ ಊರಲ್ಲಿ ಇದನ್ನು ಮಾಡಿ ತೋರಿಸಿದ್ದು ನನಗೆ ಹೆಮ್ಮೆ.

2023ರಲ್ಲಿ ಈ ಫ್ಯಾಟಿ ಲಿವರ್ ಕಾಯಿಲೆಯ ಹೆಸರೇ ಬದಲಾಗಿ ಅದರೊಳಗೆ 'ಮೆಟಬಾಲಿಕ್' ಅನ್ನೋ ಪದ ಬಂತು. ಅದನ್ನು ಗುಮಾಸ್ತರ ಹೆಂಡತಿಗೆ ಬಿಡಿಸಿ ಹೇಳಿದೆ, ಶುಗರ್ ಮತ್ತು ಹೊಟ್ಟೆಯ ಕೊಬ್ಬಿನಿಂದ ಆದದ್ದು, ಹೆಂಡದಿಂದಲ್ಲ ಅಂತ. ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ ಅಂದರು. ಬರೆದು, ಸಹಿ ಮಾಡಿ, ಸೀಲ್ ಹಾಕಿ ಕೊಟ್ಟೆ.

ಈಗ ನನಗೆ ತಲೆಬಿಸಿ ಮಾಡಿರೋದು ನಾಟಿ ಮಾಡುವ ಹೆಂಗಸರು. ಕೈಕಾಲು ಕಡ್ಡಿ, ತೂಕ 50 ಸಹ ಇಲ್ಲ, ಆದರೂ ಸೊಂಟದ ಸುತ್ತ 80 ಸೆಂಟಿಮೀಟರ್ ದಾಟಿರುತ್ತೆ, ಲಿವರ್‌ನಲ್ಲಿ ಕೊಬ್ಬು. ಅವರ ವಿಷಯದಲ್ಲಿ ಕಾಟಾ ಕೆಲಸಕ್ಕೆ ಬರಲ್ಲ. ಟೇಪು ಹಿಡಿದುಕೊಂಡು ಹೊಸ ನೋಟ್‌ಬುಕ್ ಶುರು ಮಾಡಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಹೆಸರು.